ಬಾಣಂತಿಯ ಕೈನೀರು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಾಲ್ಕನೆಯ ವಾರ. ಮರಳೆಕೆರೆದೊಡ್ಡಿಯ ಮಣ್ಣುಗೋಡೆಯ ದೇವಾಲಯದ ಜಗಲಿಯಲ್ಲಿ ಪೂಜ್ಯ ರಾಯಪ್ಪ ಸ್ವಾಮಿಗಳು ಕಂಬಕ್ಕೆ ಒರಗಿ ಕುಳಿತಿದ್ದರು. ಅವರಿಗೆ ಆಗ ಅರವತ್ತೆಂಟು ವರ್ಷ. ಕಾಲು ಎರಡೂ ಊದಿ, ಎಕ್ಕಡದ ಬಾರು ಕಚ್ಚಿದ ಕಡೆಯಲ್ಲೆಲ್ಲ ನೀಲಿ ಗೆರೆ ಬಿದ್ದಿತ್ತು. ಹನ್ನೊಂದು ದೊಡ್ಡಿಗಳ ಕ್ರೈಸ್ತರಿಗೆ ಅವರೊಬ್ಬರೇ ವಿಚಾರಣಾ ಗುರುಗಳು. ಪೂಜೆ ಇನ್ನೂ ಲತೀನು ಭಾಷೆಯಲ್ಲಿ ನಡೆಯುತ್ತಿದ್ದ ದಿನಗಳವು. ಆ ಸೀಮೆಗೆ ಬಸ್ಸಿರಲಿಲ್ಲ, ಗಾಡಿಯ ಜಾಡೂ ಕೆರೆ ಏರಿಯವರೆಗೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದಕ್ಕೆ ಪೂಜೆಯ ಪೆಟ್ಟಿಗೆಯನ್ನು, ದೊಡ್ಡಿಯ ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿ ಇನ್ನಾಸಪ್ಪನವರು ತಲೆಯ ಮೇಲೆ ಹೊರುವರು, ಸ್ವಾಮಿಗಳು ಕೋಲೂರಿಕೊಂಡು ಹಿಂದೆ ನಡೆಯುವರು. ಹೀಗೇ ವರ್ಷಗಳು ಸವೆದಿದ್ದವು.

ಅಂದು ಬೆಳಗಿನಿಂದ ಪಾಪನಿವೇದನೆ ಕೇಳಿ ಕೇಳಿ ಅವರ ದನಿ ಬಿದ್ದುಹೋಗಿತ್ತು. ಹೊಟ್ಟೆಯಲ್ಲಿ ಇದ್ದದ್ದು ಒಂದು ಲೋಟ ರಾಗಿ ಗಂಜಿ. ಬಿಸಿಲು ಜಗಲಿಯ ಅಂಚಿನವರೆಗೆ ಏರಿ ಬಂದಿದ್ದರೂ ಎದ್ದು ಒಳಕ್ಕೆ ಸರಿಯುವಷ್ಟು ತ್ರಾಣ ಅವರಲ್ಲಿರಲಿಲ್ಲ.

ಸ್ವಾಮಿಗಳು ಪವಾಡ ಮಾಡಿದರೆಂದು ಆ ಸೀಮೆಯಲ್ಲಿ ಯಾರೂ ಹೇಳಿದವರಿಲ್ಲ. ಅವರ ಹತ್ತಿರ ಹೋಗಿ ಬಂದವರು ಹೊಸದಾಗಿ ಏನನ್ನೂ ತರುತ್ತಿರಲಿಲ್ಲ. ಹೋಗುವಾಗ ಹೊತ್ತುಕೊಂಡು ಹೋದದ್ದನ್ನೇ ವಾಪಸು ತರುತ್ತಿದ್ದರು. ತರುವಾಗ ಅದು ಹೇಗೋ ಹಗುರಾಗಿರುತ್ತಿತ್ತು, ಅಷ್ಟೆ.

ಆ ಹೊತ್ತಿನಲ್ಲಿ ಕೆರೆ ಏರಿಯ ಮೇಲೆ ಒಬ್ಬ ಹೆಂಗಸು ಬರುವುದು ಕಂಡಿತು. ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಬೆನ್ನಿಗೆ ಒಂದು ಗಂಟು. ಬರಿಗಾಲು. ದಾರಿ ನಡೆದವರಿಗೆ ದಾರಿ ನಡೆದವರ ಹೆಜ್ಜೆ ತಿಳಿಯುತ್ತದೆ: ಊರು ಮುಟ್ಟುವ ಆಸೆಯಿರುವವನ ಕಾಲು ಒಂದು ಬಗೆ ಬೀಳುತ್ತದೆ, ಊರು ಮುಟ್ಟಿದರೂ ಅಷ್ಟೇ ಎಂದುಕೊಂಡವನ ಕಾಲು ಇನ್ನೊಂದು ಬಗೆ. ಅವಳದು ಎರಡನೆಯದು.

ಇನ್ನಾಸಪ್ಪನವರು ಹಣೆಗೆ ಕೈ ಅಡ್ಡ ಹಿಡಿದು ನೋಡಿ ನಕ್ಕರು. ಅವಳು ಕಗ್ಗಲದೊಡ್ಡಿಯ ಚೌರಮ್ಮ, ಇಲ್ಲಿಂದ ನಾಲ್ಕು ಮೈಲಿ ಆಚೆಯ ಊರು, ನನ್ನ ಹತ್ತಿರವೇ ಪಾಠ ಕಲಿತವಳು ಎಂದು ಸ್ವಾಮಿಗಳಿಗೆ ಹೇಳಿದರು. ವರ್ಷಕ್ಕೆ ಎರಡು ಸಲ ಮನೆ ಬಿಟ್ಟು ಹೊರಡುತ್ತಾಳೆ. ಯಾವ ಊರಿನ ಪುಣ್ಯಕ್ಷೇತ್ರದ ಹೆಸರು ಕಿವಿಗೆ ಬಿದ್ದರೂ ಅಲ್ಲಿಗೆ ಹೋಗಿ ಮೇಣದ ಮಗುವಿನ ಗೊಂಬೆಯೊಂದನ್ನು ಹರಕೆಗೆ ಇಟ್ಟು ಬರುತ್ತಾಳೆ. ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದಾರೆ, ಅವರನ್ನು ಸಾಕುತ್ತಿರುವವಳು ನಾದಿನಿ. ಗಂಡ ಒಳ್ಳೆಯವನೇ. ಆದರೆ ಅವನಿಗೂ ಸಾಕಾಗಿ, ಈ ಸಲ ಹೋದರೆ ಅಲ್ಲೇ ಇದ್ದುಬಿಡು, ಬಾಗಿಲು ತೆಗೆಯುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದಾನಂತೆ.

ಚೌರಮ್ಮ ಜಗಲಿಯ ಹತ್ತಿರ ಬಂದಳು. ಇನ್ನಾಸಪ್ಪನವರು ಸುಮ್ಮನಿರಲಿಲ್ಲ.

"ಕಾಲಿಗೆ ಚಕ್ರ ಕಟ್ಟಿಸಿಕೊಂಡೇ ಹುಟ್ಟಿದೆಯೇನಮ್ಮ? ಹೋದ ಸಲ ಕಡಲ ದಂಡೆಯ ಮಾತೆ ಕರೆದಿದ್ದರು. ಈ ಸಲ ಯಾವ ಬೆಟ್ಟದ ಮಾತೆ ಕರೆದರು?"

"ಯಾರಾದ್ರೂ ಕರ್ದಿದ್ರೆ ಯಾವತ್ತೋ ನಿಂತುಬಿಡ್ತಿದ್ದೆ ಉಪದೇಶಿಯಪ್ಪ. ಯಾರೂ ಕರೀತಿಲ್ಲ. ಅದಕ್ಕೇ ನಡೀತಾ ಇವ್ನಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸ್ವಾಮಿಗಳಿಗೆ ಸ್ತೋತ್ರ ಹೇಳಿ, ಬಾಗಿಲ ಪಕ್ಕದ ತೀರ್ಥದ ಬಟ್ಟಲಿಗೆ ಎಡಗೈ ಅದ್ದಿ, ಎಡಗೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು. ಬಲಗೈ ಸೆರಗಿನ ಒಳಗಿತ್ತು. ಇನ್ನಾಸಪ್ಪನವರಿಗೆ ರೇಗಿತು. ಏಳು ವರ್ಷದ ಹುಡುಗಿಯಾಗಿದ್ದಾಗ ಸರಿಯಾಗೇ ಹಾಕುತ್ತಿದ್ದಳು ಸ್ವಾಮಿ, ದೊಡ್ಡವಳಾದ ಮೇಲೆ ಕಲಿಸಿದ್ದನ್ನೆಲ್ಲ ಮರೆತಳು ಎಂದು ದೂರಿದರು. ಸ್ವಾಮಿಗಳು ಅವರಿಗೆ ಸುಮ್ಮನಿರುವಂತೆ ಕೈ ಮಾಡಿ ಅವಳ ಕಡೆ ನೋಡಿದರು.

"ಬಲಗೈಗೆ ನೋವೇನಮ್ಮ?"

"ನೋವಿಲ್ಲ ಸ್ವಾಮಿ. ಅದು ತಪ್ಪು ಮಾಡಿದ ಕೈ."

ಸ್ವಾಮಿಗಳು ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಅವಳ ಕಡೆಗೆ ಸರಿಸಿ, ಕಂಬದ ನೆರಳನ್ನು ತೋರಿಸಿದರು. ಅವಳು ಕುಡಿದು ಕುಳಿತಳು. ದಣಿದವರು ಇಬ್ಬರು ಅಕ್ಕಪಕ್ಕ ಕುಳಿತಾಗ ಮಾತು ತಾನಾಗಿ ಹೊರಡುತ್ತದೆ. ಅವಳಿಗೂ ಹಾಗೇ ಆಗಿರಬೇಕು. ಹನ್ನೊಂದು ವರ್ಷ ಪ್ರತಿಮೆಗಳ ಮುಂದೆ ಮಾತ್ರ ಹೇಳಿಕೊಂಡಿದ್ದನ್ನು ಅಂದು ಒಬ್ಬ ಮನುಷ್ಯನ ಮುಂದೆ ಹೇಳಿದಳು.

ಚೊಚ್ಚಲ ಹೆರಿಗೆ. ತಿಂಗಳು ತುಂಬುವ ಮೊದಲೇ ನೋವು ಬಂದಿತ್ತು. ಹೆಣ್ಣುಮಗು ಹುಟ್ಟಿತು. ಅತ್ತಿಲ್ಲ, ಮೈ ನೀಲಿ, ಉಸಿರು ಗುಬ್ಬಿಯದಂತೆ ಇದ್ದೂ ಇಲ್ಲದಂತೆ. ಅತ್ತೆ ಉಪದೇಶಿಯವರನ್ನು ಕರೆತರಲು ಹಳ್ಳ ದಾಟಿ ಓಡಿದಳು. ಸೂಲಗಿತ್ತಿ ಕೆಂಡ ತರಲು ಹೊರಕ್ಕೆ ಹೋದಳು. ಕೋಣೆಯಲ್ಲಿ ಉಳಿದವರು ತಾಯಿ, ಮಗು ಇಬ್ಬರೇ. ಮಗುವಿನ ತುಟಿ ಕಪ್ಪಾಗುತ್ತ ಬಂತು. ಚೌರಮ್ಮನಿಗೆ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಒಂದು ಪಾಠ ನೆನಪಾಯಿತು. ತೆವಳಿಕೊಂಡು ಹೋಗಿ ಮೂಲೆಯ ತಂಬಿಗೆಯಿಂದ ಬಲಗೈಗೆ ನೀರು ಬಗ್ಗಿಸಿಕೊಂಡಳು. ತನ್ನ ಅಜ್ಜಿಯ ಹೆಸರನ್ನೇ ಮಗುವಿಗೆ ಇಟ್ಟಳು. ಮದಲೇನ ಎಂದು ಕರೆದು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಮೂರು ಸಲ ತಲೆಯ ಮೇಲೆ ನೀರು ಸುರಿದಳು. ಅತ್ತೆ ಹಿಂತಿರುಗುವಷ್ಟರಲ್ಲಿ ಮಗು ಹೋಗಿತ್ತು.

ಆಗ ಅತ್ತೆ ಎದೆ ಬಡಿದುಕೊಂಡಳು. ಮಗು ಹೋಯಿತೆಂದು ಅತ್ತದ್ದಕ್ಕಿಂತ ಸೊಸೆ ಮಾಡಿದ್ದನ್ನು ಕೇಳಿ ಅತ್ತದ್ದು ಹೆಚ್ಚು. ಆ ದೊಡ್ಡಿಗಳ ಜನ ನಾಲ್ಕು ತಲೆಮಾರಿನ ಕ್ರೈಸ್ತರು. ಆದರೂ ಹೆತ್ತವಳು ನಲವತ್ತು ದಿನ ಒಲೆ ಮುಟ್ಟುವಂತಿಲ್ಲ, ನೀರಿನ ಗಡಿಗೆ ಮುಟ್ಟುವಂತಿಲ್ಲ, ಜಪಸರವನ್ನೂ ಮುಟ್ಟುವಂತಿಲ್ಲ. ಹಸಿ ಬಾಣಂತಿ, ರಕ್ತ ಆರದ ಕೈಯಿಂದ ದೇವರ ಸಂಸ್ಕಾರವನ್ನು ಮುಟ್ಟಿದೆಯಲ್ಲೇ, ಮಗುವನ್ನು ಎಲ್ಲಿಗೆ ತಳ್ಳಿದೆಯೇ ಎಂದು ಅತ್ತೆ ಗೋಳಾಡಿದಳು. ಊರಿನ ಹಿರಿಯರೂ ಅದು ಜ್ಞಾನಸ್ನಾನವಲ್ಲ ಎಂದರು. ಜ್ಞಾನಸ್ನಾನವಿಲ್ಲದೆ ಹೋದ ಕೂಸಿಗೆ ನೋವೂ ಇಲ್ಲ, ದೇವರ ಮುಖವೂ ಇಲ್ಲ, ಅಂಥದೊಂದು ಜಾಗವಿದೆ, ಅಲ್ಲಿ ಇರುತ್ತದೆ ಎಂದರು. ಮಗುವನ್ನು ಸಮಾಧಿ ಭೂಮಿಯ ಬೇಲಿಯಾಚೆ ಹೂತರು. ಹತ್ತು ದಿನ ಬಿಟ್ಟು ಅಂದಿನ ಗುರುಗಳು ಬಂದಾಗ ಹಿರಿಯರು, ಜ್ಞಾನಸ್ನಾನ ಆಗಿರಲಿಲ್ಲ ಸ್ವಾಮಿ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಬಾಣಂತಿಯನ್ನು ಯಾರೂ ಕೇಳಲಿಲ್ಲ.

"ಲತೀನು ಬರಲಿಲ್ಲ ಸ್ವಾಮಿ ನನಗೆ. ಕನ್ನಡದಲ್ಲೇ ಹೇಳಿಬಿಟ್ಟೆ" ಎಂದಳು ಚೌರಮ್ಮ, ಅದೂ ಒಂದು ತಪ್ಪೆಂಬಂತೆ.

"ಮಗುವಿಗೂ ಬರುತ್ತಿರಲಿಲ್ಲ" ಎಂದರು ಸ್ವಾಮಿಗಳು.

ಅವಳು ತಬ್ಬಿಬ್ಬಾಗಿ ಅವರ ಮುಖ ನೋಡಿದಳು. ಸ್ವಾಮಿಗಳು ಇನ್ನಾಸಪ್ಪನವರ ಕಡೆಗೆ ತಿರುಗಿದರು. ಅವರು ಆಗಲೇ ಜಗಲಿಯ ಇನ್ನೊಂದು ತುದಿಗೆ ಸರಿದು, ಪೂಜೆಯ ಪೆಟ್ಟಿಗೆಯ ಹಗ್ಗವನ್ನು ಬಿಚ್ಚುತ್ತ ಕಟ್ಟುತ್ತ ಇದ್ದರು.

"ಇನ್ನಾಸಪ್ಪನವರೇ, ಮಕ್ಕಳಿಗೆ ಭಾನುವಾರ ಹೇಳಿಕೊಡುತ್ತೀರಲ್ಲ, ಆಪತ್ಕಾಲದ ಪ್ರಶ್ನೆ. ಅದನ್ನು ಒಮ್ಮೆ ಹೇಳಿ."

ಮೂವತ್ತು ವರ್ಷ ಹೇಳಿದ ಪಾಠ. ಇನ್ನಾಸಪ್ಪನವರು ಎದ್ದು ನಿಂತು, ಕಣ್ಣು ಮುಚ್ಚಿ, ಮಕ್ಕಳ ಮುಂದೆ ಹೇಳುವ ರಾಗದಲ್ಲೇ ಶುರುಮಾಡಿದರು. ಪ್ರಾಣಾಪಾಯದಲ್ಲಿರುವ ಮಗುವಿಗೆ ಜ್ಞಾನಸ್ನಾನ ಕೊಡತಕ್ಕವರು ಯಾರು? ಗುರುಗಳು ಇಲ್ಲದ ಹೊತ್ತಿನಲ್ಲಿ, ಗಂಡಸಾಗಲಿ ಹೆಂಗಸಾಗಲಿ, ಯಾರು ಬೇಕಾದರೂ ಕೊಡಬಹುದು. ಹೇಗೆ ಕೊಡತಕ್ಕದ್ದು? ಶುದ್ಧವಾದ ನೀರನ್ನು ತಲೆಯ ಮೇಲೆ ಸುರಿಯುತ್ತ...

ರಾಗ ಅಲ್ಲಿಗೆ ನಿಂತಿತು.

"ಮುಂದೆ ಬಾಣಂತಿಯನ್ನು ಬಿಟ್ಟು ಅಂತ ಇದೆಯೇ?"

"ಇಲ್ಲ ಸ್ವಾಮಿ."

"ಇವಳಿಗೆ ಈ ಪಾಠ ಹೇಳಿಕೊಟ್ಟವರು ಯಾರು?"

ಇನ್ನಾಸಪ್ಪನವರು ತಲೆ ತಗ್ಗಿಸಿದರು. ಹೇಳಿಕೊಟ್ಟವರು ಅವರೇ. ಅಂದು ಅತ್ತೆ ಕರೆದಾಗ ಹಳ್ಳ ದಾಟಿ ಹೋದವರೂ ಅವರೇ. ತಾಯಿ ನೀರು ಹಾಕಿದ್ದಾಳೆಂದು ಬಾಗಿಲಲ್ಲಿ ಕೇಳಿಸಿಕೊಂಡು, ಬಾಣಂತಿ ಕೈನೀರು, ಇದನ್ನೆಲ್ಲ ಗುರುಗಳಿಗೆ ಹೇಳುವುದೇನು ಎಂದುಕೊಂಡವರು ಅವರೇ. ಬೇಲಿಯಾಚೆ ಗುಂಡಿ ತೋಡಿದ ಗುದ್ದಲಿಯೂ ಅವರದೇ. ಕೆಟ್ಟ ಮನುಷ್ಯರೇನಲ್ಲ. ಸತ್ಯವೇದದ ಪಾಠಗಳೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು. ಆ ಪಾಠ ಒಂದು ದಿನ ಹಸಿ ನೆಲದ ಮೇಲೆ ತೆವಳಿ ಎದ್ದು ನಿಂತಾಗ ಮಾತ್ರ ಅವರಿಗೆ ಅದರ ಗುರುತು ಸಿಕ್ಕಿರಲಿಲ್ಲ.

ಸ್ವಾಮಿಗಳು ಚೌರಮ್ಮನಿಗೆ ಹೇಳಿದರು. ದನಿ ಬಿದ್ದುಹೋಗಿದ್ದರಿಂದ ಅವಳು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

"ಅಂದು ನಾನೇ ಓಡಿ ಬಂದಿದ್ದರೂ, ನಮ್ಮಂಥ ಗುರುಗಳಿಗೆಲ್ಲ ಹಿರಿಯರಾದ ಮೇತ್ರಾಣಿಗಳೇ ಬಂದಿದ್ದರೂ, ಅದೇ ನೀರು, ಅದೇ ಮಾತು. ಒಂದು ಹನಿ ಹೆಚ್ಚಿಗೆ ಕೊಡುವುದು ನಮ್ಮ ಹತ್ತಿರ ಇಲ್ಲಮ್ಮ. ಕೈ ನಿನ್ನದು. ಸ್ನಾನ ಕೊಟ್ಟವರು ಕ್ರಿಸ್ತಪ್ರಭು. ಅವರಿಗೆ ಎಲ್ಲಿಯ ಮೈಲಿಗೆ?"

ಚೌರಮ್ಮ ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಗಂಟಿನಿಂದ ಇಣುಕುತ್ತಿದ್ದ ಮೇಣದ ಗೊಂಬೆಯನ್ನು ಒಳಕ್ಕೆ ತಳ್ಳುತ್ತ, ತೀರ ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದಳು.

"ಹಂಗಾದ್ರೆ ನನ್ ಮಗು ಈಗ ಎಲ್ಲೈತೆ ಸ್ವಾಮಿ?"

ಸ್ವಾಮಿಗಳು ಕಂಬ ಹಿಡಿದು ಎದ್ದರು. ಇನ್ನಾಸಪ್ಪನವರು ತೋಳು ಕೊಡಲು ಬಂದರೂ ಬೇಡವೆಂದರು. ಒಂದೊಂದೇ ಮೆಟ್ಟಿಲು ಇಳಿದು, ಬಿಸಿಲಿನಲ್ಲಿ, ಆ ಊದಿದ ಕಾಲುಗಳನ್ನು ಮಡಿಸಿ ಬರಿ ನೆಲದ ಮೇಲೆ ಮೊಣಕಾಲೂರಿದರು. ಮೊಣಕಾಲೂರುವಾಗ ಅವರ ಬಾಯಿಂದ ನೋವಿನ ಒಂದು ಸಣ್ಣ ಶಬ್ದ ಹೊರಟಿತು. ಆಮೇಲೆ ಕೈಜೋಡಿಸಿ, ದೊಡ್ಡ ಸಂತರ ಹೆಸರು ಹಿಡಿದು ಬೇಡುವ ಅದೇ ವಿನಯದಲ್ಲಿ ಹೇಳಿದರು:

"ಮದಲೇನ, ಚೌರಮ್ಮನ ಮಗಳೇ, ನೀನು ದೇವರ ಮುಖ ನೋಡುತ್ತಿದ್ದೀಯೆ. ನಾನು ಮುದುಕ, ಇನ್ನೂ ನೋಡಿಲ್ಲ. ನಡೆದು ನಡೆದು ಸಾಕಾಗಿದೆ. ನಮಗಾಗಿ ಪ್ರಾರ್ಥಿಸು."

ಮಗುವಿನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಚೌರಮ್ಮ ಕೇಳಿದ್ದು ಅದೇ ಮೊದಲು. ಅವಳು ಕುಳಿತಲ್ಲೇ ಕುಳಿತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ಅವಳ ಹಿಂದಿನಿಂದ, ಒಡೆದ ದನಿಯಲ್ಲಿ, ನಮಗಾಗಿ ಪ್ರಾರ್ಥಿಸು ಎಂಬ ಮರುನುಡಿ ಬಂತು. ತಿರುಗಿ ನೋಡಿದರೆ ಇನ್ನಾಸಪ್ಪನವರು ಜಗಲಿಯ ಮೇಲೆ ಹಣೆ ನೆಲಕ್ಕೆ ಹಚ್ಚಿ ಬಿದ್ದಿದ್ದರು.

ಸ್ವಾಮಿಗಳು ಮತ್ತೆ ಜಗಲಿಗೆ ಬಂದು ಕೂರಲು ಬಹಳ ಹೊತ್ತು ಹಿಡಿಯಿತು. ಕುಳಿತ ಮೇಲೆ ಚೌರಮ್ಮನಿಗೆ, "ಸಂತರನ್ನು ಹುಡುಕಿಕೊಂಡು ನೀನು ಊರೂರು ಅಲೆದೆ ತಾಯಿ. ಒಬ್ಬಳನ್ನು ನೀನೇ ಹೆತ್ತು ಕಳುಹಿಸಿದ್ದೀಯೆ" ಎಂದರು. ಅಷ್ಟು ಹೇಳಿ ಕಣ್ಣು ಮುಚ್ಚಿದರು. ಅಂದಿಗೆ ಅವರ ದನಿ ಪೂರಾ ಮುಗಿದಿತ್ತು.

ಚೌರಮ್ಮ ಗಂಟನ್ನು ತಲೆಯಡಿಗೆ ಇಟ್ಟುಕೊಂಡು ಅಲ್ಲೇ ಒರಗಿದಳು. ಒರಗಿದ್ದೇ ತಡ, ನಿದ್ದೆ ಹೋದಳು. ಸಂಜೆಯ ಪ್ರಾರ್ಥನೆಗೆ ಊರಿನ ಹೆಂಗಸರು ಬಂದರು. ಈ ಬಾಯಿ ಬಿಟ್ಟುಕೊಂಡು ಮಲಗಿರುವವಳು ಯಾರು ಎಂದು ಒಬ್ಬಳು ನಕ್ಕಳು. ಎಬ್ಬಿಸಲು ಹೋದವಳನ್ನು ಇನ್ನಾಸಪ್ಪನವರು ತಡೆದರು. ಮಲಗಿದ್ದವಳ ಪಕ್ಕದಲ್ಲೇ ಮೊಣಕಾಲೂರಿಕೊಂಡು, ಸದ್ದು ಮಾಡದೆ ಪ್ರಾರ್ಥನೆ ಮುಗಿಸಿದರು. ಆಮೇಲೆ ಸ್ವಾಮಿಗಳ ಹತ್ತಿರ ಹೋಗಿ ಪಾಪನಿವೇದನೆ ಮಾಡಬೇಕೆಂದು ಕೇಳಿಕೊಂಡರು. ಸ್ವಾಮಿಗಳು ಮಾತಾಡಲಾರದೆ, ಮಲಗಿದ್ದ ಹೆಂಗಸಿನ ಕಡೆಗೆ ಬೆರಳು ತೋರಿಸಿದರು. ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂಬುದು ಇನ್ನಾಸಪ್ಪನವರಿಗೆ ಅರ್ಥವಾಯಿತು.

ಹೊತ್ತು ಮುಳುಗುವ ಮೊದಲು ಅವಳು ಎದ್ದಳು. ಮುಂದಕ್ಕೆ ಯಾವ ಕಡೆ ಎಂದು ಇನ್ನಾಸಪ್ಪನವರು ಕೇಳಿದರು. ಊರಿಗೆ, ಹುಡುಗರು ಉಂಡಿರುವುದಿಲ್ಲ ಎಂದಳು. ಗಂಡ ಬಾಗಿಲು ತೆಗೆಯದಿದ್ದರೆ ಎಂದರು. ತೆಗೆಯುವವರೆಗೂ ಹೊಸಿಲ ಮೇಲೆ ಕೂತಿರ್ತೀನಿ, ಹೋಗೋಕೆ ಇನ್ನೆಲ್ಲೂ ಇಲ್ಲ ಈಗ ಎಂದಳು.

ಇನ್ನಾಸಪ್ಪನವರು ಬಾಗಿ ಅವಳ ಗಂಟನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ನಾನೂ ಬರುತ್ತೇನೆ, ನಿನ್ನ ಅತ್ತೆಗೂ ಗಂಡನಿಗೂ ನಾನು ಹೇಳಬೇಕಾದದ್ದು ಇದೆ ಎಂದರು. ಇಬ್ಬರೂ ಏರಿಯ ಮೇಲೆ ಹೊರಟರು. ಅವಳು ಮುಂದೆ, ಉಪದೇಶಿಯವರು ಹಿಂದೆ. ಅರ್ಧ ಮೈಲಿ ನಡೆದರು. ಕ್ಷಮಿಸು ಎನ್ನುವ ಪದ ಗಂಟಲವರೆಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತೆಂದು ಇನ್ನಾಸಪ್ಪನವರೇ ಮುಂದೆ ಎಷ್ಟೋ ಜನರಿಗೆ ಹೇಳಿದ್ದುಂಟು. ಕೊನೆಗೆ ಬಾಯಿಗೆ ಬಂದದ್ದು ಬೇರೆಯೇ.

"ಚೌರಮ್ಮ, ಮಗು ಯಾರ ಹಾಗಿತ್ತಮ್ಮ?"

ಹನ್ನೊಂದು ವರ್ಷದಲ್ಲಿ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಅವಳ ಹೆಜ್ಜೆ ನಿಧಾನವಾಯಿತು. ಮೂಗು ನಮ್ಮಪ್ಪನದು ಎಂದಳು. ಕಿವಿ ಮಾತ್ರ ಇಷ್ಟಿಷ್ಟೇ, ಹುಣಸೆ ಎಲೆಯಷ್ಟು. ತಲೆ ತುಂಬ ಕೂದಲು ಉಪದೇಶಿಯಪ್ಪ, ನೀರು ಹಾಕಿದಾಗ ಅಂಟಿಕೊಂಡಿತ್ತು. ಹೀಗೆ ಶುರುವಾಯಿತು. ಕಗ್ಗಲದೊಡ್ಡಿ ಮುಟ್ಟುವವರೆಗೂ ಅವಳು ಹೇಳುತ್ತ ನಡೆದಳು, ಅವರು ಕೇಳುತ್ತ ನಡೆದರು.