ಸಿಂಹದ ಮೂತಿಯ ಒಳಲೆ

ಅರಸರ ಕಾಲದಲ್ಲಿ ಬಾಚೋಜ ಎಂಬ ಕಂಚುಗಾರನಿದ್ದ. ಅವನು ಮಾಡಿದ ಪಾತ್ರೆಯಲ್ಲಿ ಒಂದಲ್ಲ ಒಂದು ಪ್ರಾಣಿ ಇರಲೇಬೇಕು. ಗಿಂಡಿಯ ಹಿಡಿಯ ಮೇಲೆ ಗಿಳಿ, ಕೊಪ್ಪರಿಗೆಯ ಕಿವಿಯಲ್ಲಿ ಆನೆ. ಕಾಳಮ್ಮನ ಗುಡಿಗೆ ಒಂದು ತೂಗುದೀಪ ಎರಕ ಹೊಯ್ಯಬೇಕೆಂಬುದು ಅವನ ಬಹುದಿನದ ಆಸೆ. ಆ ದೀಪವನ್ನು ಯಾರು ಮಾಡಬೇಕೆಂದು ಹೇಳುವವಳು ಊರ ಹೆಗ್ಗಡತಿ.

ಹೆಗ್ಗಡತಿಯ ಮೊಮ್ಮಗಳು ಎರಡು ತಿಂಗಳ ಕೂಸು. ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿತ್ತು. ಬಟ್ಟಲಿನಿಂದ ಕುಡಿಸಿದರೂ, ಹತ್ತಿ ಅದ್ದಿ ಹಿಂಡಿದರೂ ಕೂಸು ಮುಖ ತಿರುಗಿಸುತ್ತಿತ್ತು. "ಹಾಲು ಕುಡಿಸಲು ಒಂದು ಒಳಲೆ ಬೇಕು, ಬೇಗ," ಎಂದು ಹೆಗ್ಗಡತಿ ಬಾಚೋಜನಿಗೆ ಹೇಳಿಕಳಿಸಿದಳು.

ದೇವಿಯೇ ಕೊಟ್ಟ ಅವಕಾಶವಿದು ಎಂದುಕೊಂಡ ಬಾಚೋಜ. ಒಳಲೆಯಲ್ಲಿ ಕೂಸು ಬಾಯಿಟ್ಟು ಹೀರುವ ಮೂತಿಗೆ ಸಿಂಹದ ಮುಖವಿಟ್ಟ. ಮೀಸೆ, ಕೇಸರ, ಸಾಲು ಹಲ್ಲು! ಬೀದಿಯವರೆಲ್ಲ ಬಂದು, "ಗರ್ಜಿಸೋದೊಂದು ಬಾಕಿ" ಎಂದರು.

ಅವನ ತಾಯಿ ನಿಂಬವ್ವ ಮಾತ್ರ, "ಚಂದ ಐತೆ ಮಗಾ. ಒಂದು ಸಲ ನಿನ್ನ ಬಾಯಿಗಿಟ್ಟು ಕುಡಿ," ಎಂದಳು.

"ನಾನೇನು ಕೂಸೇನವ್ವಾ?"

"ಕುಡಿಯೋದು ಕೂಸೇ ಅಲ್ವೇನೋ?"

ಬಾಯಿಗಿಟ್ಟ. ಸಿಂಹದ ಹಲ್ಲು ತಗುಲಿ ತುಟಿ ಹರಿಯಿತು. ಬಾಚೋಜ ರಕ್ತ ಒರೆಸಿಕೊಂಡ. "ತಾಯಿ ಕಾಳಮ್ಮಾ, ಹೊಗಳಿಕೆಗೆ ಮಾಡಿದೆ, ಹಸಿವಿಗೆ ಮಾಡಲಿಲ್ಲ," ಎಂದು ಅರ ಕೈಗೆತ್ತಿಕೊಂಡು ಮೂತಿಯನ್ನು ಉಜ್ಜತೊಡಗಿದ. ಹಲ್ಲು ಹೋಯಿತು, ಮೀಸೆ ಹೋಯಿತು, ಕೇಸರವೂ ಹೋಯಿತು.

ಪಕ್ಕದ ಮನೆಯವನು ಇಣುಕಿ ನೋಡಿ, "ಏನಯ್ಯಾ, ನಿನ್ನ ಸಿಂಹಕ್ಕೆ ಇಷ್ಟು ಬೇಗ ಮುಪ್ಪು ಬಂತಾ?" ಎಂದು ನಕ್ಕ.

"ಕೂಸಿಗೂ ಹಲ್ಲಿಲ್ಲವಲ್ಲ ಮಾರಾಯಾ, ಜೋಡಿ ಸರಿಹೋಯಿತು," ಎಂದ ಬಾಚೋಜ.

ಬಾಚೋಜ ತಂದ ಒಳಲೆ ಕಂಡು ಹೆಗ್ಗಡತಿಯ ಹುಬ್ಬು ಗಂಟಿಕ್ಕಿತು. "ಸಿಂಹ ಅಂದರು. ಇದು ಕರುವಿನ ಮೂತಿಯಲ್ಲವೇ?" ಆದರೆ ಕೂಸು ಅಳುತ್ತಿತ್ತು. ಬೆಚ್ಚಗಿನ ಹಾಲು ಹೊಯ್ದು ತುಟಿಗಿಟ್ಟಳು. ಕೂಸು ಒಂದು ಗುಟುಕು ಹೀರಿತು. ನಿಲ್ಲಿಸಿತು. ಮತ್ತೆ ಹೀರಿತು. ಒಳಲೆ ಬರಿದಾಯಿತು. ಸಿಂಹದ ಮೊಂಡು ಕಿವಿಯನ್ನು ಹಿಡಿದುಕೊಂಡೇ ಕೂಸು ನಿದ್ದೆಹೋಯಿತು.

ಹೆಗ್ಗಡತಿ ಆ ನುಣುಪು ಮೂತಿಯ ಮೇಲೆ ಬೆರಳಾಡಿಸಿದಳು. ಆಗಲೇ ಅವಳ ಕಣ್ಣು ಬಾಚೋಜನ ಮುಖದ ಮೇಲೆ ಬಿತ್ತು.

"ತುಟಿಗೇನಾಯಿತು?"

"ನಿಮ್ಮ ಮೊಮ್ಮಗಳಿಗೆ ಆಗಬಹುದಾಗಿದ್ದದ್ದು, ಅಮ್ಮಾ. ಮೊದಲು ಈ ಸಿಂಹಕ್ಕೆ ಹಲ್ಲಿತ್ತು."

ಹೆಗ್ಗಡತಿ ಕೂಸಿಗೆ ಎಚ್ಚರವಾಗದಂತೆ ಮೆಲ್ಲಗೆ ಹೇಳಿದಳು: "ಹೋಗು ಬಾಚೋಜ, ಕಾಳಮ್ಮನ ದೀಪದ ಅಚ್ಚಿಗೆ ಮೇಣ ಕಾಯಿಸು."

ನೀತಿ: ನಾವು ಮಾಡಿದ್ದು ನೋಡುವವರ ಕಣ್ಣಿಗೆ ಒಪ್ಪುವ ಮೊದಲು ಬಳಸುವವರಿಗೆ ಹಿತವಾಗಿರಬೇಕು. ಹಾಗೆ ಮಾಡಿದ ಕೆಲಸ ದೇವರಿಗೂ ಮುಟ್ಟುತ್ತದೆ.