ಬಾಗಿಲ ಬಳೆಗೆ ಅಂಟಿದ ನಾರು

"ಅಜ್ಜಯ್ಯ, ಐದು ನೇಮ ಹಿಡಿದು ಆರು ವರ್ಷವಾಯಿತು. ಒಂದು ದಿನವೂ ತಪ್ಪಿಲ್ಲ. ತನ್ನನ್ನು ತಾನೇ ಕಾಯಬಲ್ಲವನು ಇನ್ನೂ ಹತ್ತು ಜನರ ನಡುವೆ ಯಾಕೆ ಇರಬೇಕು?"

ಹೀಗೆ ಕೇಳಿದವನು ಕೊಟ್ರಯ್ಯ. ಮಠದ ಶಿಷ್ಯರಲ್ಲಿ ಅವನಷ್ಟು ಕಟ್ಟುನಿಟ್ಟಿನವನು ಬೇರೊಬ್ಬನಿರಲಿಲ್ಲ. ನಸುಕಿನಲ್ಲಿ ಏಳುವುದು ಅವನ ಮೊದಲನೆಯ ನೇಮ. ಉಳಿದ ನಾಲ್ಕೂ ಅದರ ಬೆನ್ನಿಗೇ ಬರುವಂಥವು. ಈಗ ಗುಡ್ಡದ ಮೇಲಿನ ಗವಿಗೆ ಹೋಗಿ ಒಂಟಿಯಾಗಿ ಇರಬೇಕೆಂದು ಅವನಿಗೆ ಆಸೆಯಾಗಿತ್ತು. ಅದಕ್ಕೆ ಗುರು ಅಜ್ಜಯ್ಯನವರ ಅಪ್ಪಣೆ ಬೇಕಿತ್ತು.

"ಇಲ್ಲಿ ನಿನಗೇನಪ್ಪಾ ಕಷ್ಟ?" ಎಂದರು ಅಜ್ಜಯ್ಯ.

"ಗದ್ದಲ, ಅಜ್ಜಯ್ಯ. ಅಡುಗೆಯ ಹಂಪವ್ವ ಬೆಳಕು ಹರಿಯುವ ಮೊದಲೇ ನನ್ನ ಕಿಟಕಿಯ ಕೆಳಗೆ ಕೂತು ಪಾತ್ರೆ ಬಡಿಯುತ್ತಾಳೆ. ದಿನವೂ ಕಣ್ಣು ಬಿಡುವುದೇ ಆ ಸದ್ದಿಗೆ. ಇಂಥ ಕಡೆ ಮನಸ್ಸು ನಿಲ್ಲುವುದು ಹೇಗೆ?"

ಅಜ್ಜಯ್ಯ ಮೀಸೆಯ ಮರೆಯಲ್ಲಿ ನಕ್ಕರು. "ಕೂತುಕೋ. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಹೆಂಡತಿ ತೀರಿಹೋಗಿದ್ದಳು. ಇದ್ದೊಬ್ಬ ಮಗಳು ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದಳು. ಸಾಯುವ ಮುಂಚೆ ಹೆಂಡತಿ ತನ್ನ ಒಡವೆಗಳ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು, "ಮದುವೆಯ ದಿನ ಇವು ಮಗಳ ಮೈಮೇಲೆ ಇರಬೇಕು. ಬೇರೇನೂ ಕೇಳುವುದಿಲ್ಲ," ಎಂದಿದ್ದಳು. ಆ ಮಾತು ಅವನ ಎದೆಯಲ್ಲಿ ನಾಟಿಬಿಟ್ಟಿತು. ವ್ಯಾಪಾರವೆಂದ ಮೇಲೆ ತಿಂಗಳಿಗೊಮ್ಮೆ ಪರವೂರಿಗೆ ಹೋಗಲೇಬೇಕು. ಹೋದರೆ ಮನೆಯಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಹೋದಲ್ಲಿ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಕೊನೆಗೆ ದೂರದ ಪೇಟೆಯಿಂದ ಒಂದು ಬೀಗ ಮಾಡಿಸಿ ತಂದ. ಅಂಥ ಬೀಗವನ್ನು ಊರು ಕಂಡಿರಲಿಲ್ಲ. ಬಾಗಿಲ ಅಂಚಿನ ಒಳಗೆ ಉದ್ದಕ್ಕೂ ಕೂರುವ ಕಬ್ಬಿಣದ ಪಟ್ಟಿ. ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ ಐದು ನಾಲಿಗೆ. ಕೀಲಿ ಒಂದೇ. ಅದನ್ನು ಒಮ್ಮೆ ತಿರುವಿದರೆ ಐದೂ ನಾಲಿಗೆಗಳು ಒಟ್ಟಿಗೆ ಚಾಚಿ ಚೌಕಟ್ಟಿನ ಐದು ತೂತುಗಳಿಗೆ ಹೋಗಿ ಕೂರುತ್ತಿದ್ದವು. ಕಟಕಟನೆ ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಅವನಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ.

ಆದರೂ ಅವನ ಜೀವ ಎಷ್ಟಾದರೂ ವರ್ತಕನ ಜೀವ. ಬೀಗ ಹಾಕಿದ ಮೇಲೆ ಬಾಗಿಲನ್ನು ಹಿಡಿದೆಳೆಯುವ ಕಬ್ಬಿಣದ ಬಳೆಗೆ ಎರಡೂ ಕೈ ಹಚ್ಚಿ, ಕಾಲೂರಿ, ತನ್ನ ಕಡೆಗೆ ಏಳು ಸಲ ಜಗ್ಗಿ ನೋಡುತ್ತಿದ್ದ. ಬಾಗಿಲು ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಆಮೇಲೆಯೇ ಬಂಡಿ ಹತ್ತುವುದು. ಹೀಗೆ ಎಷ್ಟೋ ವರ್ಷ ನಡೆಯಿತು.

ಎದುರು ಮನೆಯಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ನಡುವೆ ಒಂದು ಸಣ್ಣ ಓಣಿ ಮಾತ್ರ. ಒಂದು ಸಲ ವರ್ತಕ ಊರು ದಾಟಿದವನು ಏನೋ ಮರೆತೆನೆಂದು ಹಿಂದಿರುಗಿ ಬಂದ. ನೋಡುತ್ತಾನೆ, ಹಗ್ಗದವನು ತನ್ನ ಜಗಲಿ ಹತ್ತಿ ಬಾಗಿಲ ಬಳೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ!

"ಎಲಾ ಕಳ್ಳ!" ಎಂದು ವರ್ತಕ ಕೂಗಿದ ಕೂಗಿಗೆ ಓಣಿಗೆ ಓಣಿಯೇ ಹೊರಗೆ ಬಂತು. ಹಗ್ಗದವನು ಏನೋ ಹೇಳಲು ಬಾಯಿ ತೆರೆದ. ಸುತ್ತ ನೆರೆದ ಜನರನ್ನು ನೋಡಿದ. ತೆರೆದ ಬಾಯಿಯನ್ನು ಮುಚ್ಚಿಕೊಂಡ. ಪಂಚರ ಮುಂದೆ ಎಳೆದೊಯ್ದರು. "ಬಳೆಗೆ ಯಾಕೆ ಕೈ ಹಾಕಿದೆ?" ಎಂದು ಕೇಳಿದರು. ಅಲ್ಲಿಯೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಇನ್ನು ಮೇಲೆ ವರ್ತಕನ ಜಗಲಿಯ ಮೇಲೆ ಕಾಲಿಡಕೂಡದೆಂದು ಪಂಚರು ಕಟ್ಟುಮಾಡಿದರು. ಅಂದಿನಿಂದ ಊರಲ್ಲಿ ಅವನಿಗೆ ಕಳ್ಳನೆಂಬ ಹೆಸರು ನಿಂತಿತು. ಬಾವಿಯ ಹಗ್ಗಕ್ಕೂ ಜನ ಪಕ್ಕದ ಊರಿಗೆ ಹೋಗತೊಡಗಿದರು.

ಅಷ್ಟಕ್ಕೆ ಮುಗಿಯಲಿಲ್ಲ. ಪ್ರತಿ ಸಲವೂ ಪರವೂರಿಂದ ಬಂದಾಗ ವರ್ತಕನಿಗೆ ಬಾಗಿಲ ಬಳೆಯಲ್ಲಿ ಕತ್ತಾಳೆಯ ಬಿಳಿ ನಾರು ಅಂಟಿರುವುದು ಕಾಣುತ್ತಿತ್ತು. ನೆರೆಯವರನ್ನು ವಿಚಾರಿಸಿದ. "ನೀವು ಅತ್ತ ಹೋದದ್ದೇ ತಡ, ಅವನು ಬಿದಿರುಗೋಲಿನಿಂದ ನಿಮ್ಮ ಬಾಗಿಲ ಬಳೆಗೆ ಹಗ್ಗದ ಕುಣಿಕೆ ಸಿಕ್ಕಿಸುತ್ತಾನೆ. ತನ್ನ ಜಗಲಿಯಲ್ಲೇ ಕೂತು ಹೊಸೆಯುತ್ತಾನೆ. ನಾವೆಲ್ಲ ಹಗ್ಗದ ಕೆಳಗೆ ಬಗ್ಗಿ ಓಡಾಡಬೇಕು. ನಿಮ್ಮ ಬಂಡಿಯ ಗೆಜ್ಜೆ ಕೇಳಿದರೆ ಸಾಕು, ಬಿಚ್ಚಿಬಿಡುತ್ತಾನೆ. ನೀವು ಊರಲ್ಲಿದ್ದರೆ ಸಂತೆಗೆ ಹೋಗುತ್ತಾನೆ, ನೀವಿಲ್ಲದಾಗ ಜಾಗ ಬಿಟ್ಟು ಕದಲುವುದಿಲ್ಲ," ಎಂದರು.

ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಬೀಗವನ್ನು ಕೀಳಲು ಹೊಂಚುಹಾಕುತ್ತಿದ್ದಾನೆ ಎಂದು ವರ್ತಕನಿಗೆ ಖಾತ್ರಿಯಾಯಿತು. ಮತ್ತೆ ಪಂಚರ ಹತ್ತಿರ ಹೋದ. "ಜಗಲಿಯ ಮೇಲೆ ಕಾಲಿಟ್ಟಿಲ್ಲವಲ್ಲ!" ಎಂದು ಅವರು ಕೈಚೆಲ್ಲಿದರು. ವರ್ತಕ ಎದುರು ಮನೆಯ ಕಡೆ ಮುಖ ಎತ್ತಿ ನೋಡುವುದನ್ನೇ ಬಿಟ್ಟ. ಹಗ್ಗದವನು ಎದುರಾದರೆ ಉಗುಳಿ ಮುಂದೆ ಹೋಗುತ್ತಿದ್ದ. ಬೀಗವನ್ನು ಮಾತ್ರ ಏಳರ ಬದಲು ಹದಿನಾಲ್ಕು ಸಲ ಜಗ್ಗತೊಡಗಿದ.

ಇನ್ನೂ ಐದು ವರ್ಷ ಕಳೆಯಿತು. ಮಗಳಿಗೆ ಗಂಡು ಗೊತ್ತಾಯಿತು. ಮದುವೆಯ ಸೀರೆ ತರಲು ವರ್ತಕ ಹದಿನೈದು ದಿನದ ಹಾದಿ ಹೋಗಬೇಕು. ಆಗಲೇ ಬೀಗ ಕೈಕೊಟ್ಟಿತು. ಕೀಲಿ ಒಮ್ಮೆ ಸಿಕ್ಕಿಕೊಳ್ಳುವುದು, ಒಮ್ಮೆ ಬರಿದೇ ಸುತ್ತುವುದು. ಬೀಗದ ಕೆಲಸದಲ್ಲಿ ಪಳಗಿದ ಒಬ್ಬ ಮುದುಕ ಕಮ್ಮಾರನಿಗೆ ಹೇಳಿಕಳಿಸಿ, ಅಂಥದೇ ಹೊಸ ಬೀಗ ತರಿಸಿ, "ಇವತ್ತೇ ಕೂರಿಸಿಕೊಡು ಯಜಮಾನ, ನಾಳೆ ಹೊರಡಬೇಕು," ಎಂದ.

ಕಮ್ಮಾರ ಉಳಿ ಸುತ್ತಿಗೆ ಕೆಳಗಿಟ್ಟ. "ಬಿಚ್ಚುವ ಮುಂಚೆ ನೀವು ದಿನವೂ ಹಾಕುವ ಹಾಗೆ ಒಮ್ಮೆ ಹಾಕಿ ತೋರಿಸಿ, ಶೆಟ್ಟರೇ. ಯಾಕೆ ಸವೆಯಿತು ಎಂದು ತಿಳಿಯದೆ ಹೊಸದನ್ನು ಕೂರಿಸಿದರೆ ಅದೂ ಸವೆಯುತ್ತದೆ," ಎಂದ.

ವರ್ತಕ ಬಾಗಿಲು ಎಳೆದುಕೊಂಡ. ಹೇಗೋ ಕೀಲಿ ತಿರುವಿದ. ಕಟಕಟನೆ ಸದ್ದಾಯಿತು. ಬಳೆ ಹಿಡಿದು ಹದಿನಾಲ್ಕು ಸಲ ಜಗ್ಗಿದ. ಬೆವರು ಒರೆಸಿಕೊಂಡು, "ನೋಡಿದೆಯಾ? ಸವೆದರೂ ಕಲ್ಲಿನ ಹಾಗೆ ನಿಂತಿದೆ!" ಎಂದ.

ಕಮ್ಮಾರ ಮುಂದೆ ಬಂದು ಬಾಗಿಲ ಮೇಲೆ ಒಂದು ಬೆರಳಿಟ್ಟು ಒಳಕ್ಕೆ ದೂಡಿದ.

ಬಾಗಿಲು ಗೋಡೆಯ ತನಕ ತೆರೆದುಕೊಂಡಿತು.

ಕಮ್ಮಾರ ನಿಧಾನವಾಗಿ ಹೇಳಿದ: "ಒಳಕ್ಕೆ ತೆರೆಯುವ ಬಾಗಿಲು ಇದು. ಹೊರಕ್ಕೆ ಜಗ್ಗಿದರೆ ಚೌಕಟ್ಟು ಬಿಡುತ್ತದೆಯೇ, ಶೆಟ್ಟರೇ? ಬೀಗ ಇರಲಿ ಬಿಡಲಿ, ಬರುವುದಿಲ್ಲ. ನೀವು ಜಗ್ಗಿ ಜಗ್ಗಿ ಬಾಗಿಲೇ ತಿರುಗುಣಿಯಿಂದ ಎರಡು ಬೆರಳು ಇಳಿದಿದೆ. ನಾಲಿಗೆಗಳು ತೂತಿಗೆ ಹೋಗುತ್ತಿಲ್ಲ, ಅದರ ಕೆಳಗೆ ಚೌಕಟ್ಟಿಗೆ ಬಡಿಯುತ್ತಿವೆ. ನೀವು ಕೇಳುತ್ತಿದ್ದ ಸದ್ದು ಅದು. ಬಡಿದೂ ಬಡಿದೂ ಒಳಗಿನ ಹಲ್ಲು ಸವೆದಿದೆ."

"ಯಾವಾಗಿನಿಂದ?" ಎಂದ ವರ್ತಕ.

ಕಮ್ಮಾರ ಉಳಿಯ ತುದಿಯಿಂದ ಚೌಕಟ್ಟಿನ ಮೇಲಿನ ತೂತನ್ನು ಕೆದಕಿದ. ಮಣ್ಣು ಉದುರಿತು. ಕಡಜದ ಹುಳ ಕಟ್ಟಿದ ಗೂಡು. ಅದರ ಹಿಂದೆ ಇನ್ನೊಂದು ಹಳೆಯ ಗೂಡು, ಅದರ ಹಿಂದೆ ಮತ್ತೊಂದು. ಐದೂ ತೂತು ಹೀಗೆಯೇ ತುಂಬಿದ್ದವು. "ಐದಾರು ವರ್ಷವಂತೂ ಆಗಿದೆ. ಇಷ್ಟು ವರ್ಷ ನಿಮ್ಮ ಮನೆ ಹಾರುಹೊಡೆದಿತ್ತು, ಶೆಟ್ಟರೇ. ಒಂದು ಬಿರುಗಾಳಿ ಬಂದರೆ ಸಾಕಿತ್ತು."

ವರ್ತಕ ಒಳಗೆ ಓಡಿದ. ಪೆಟ್ಟಿಗೆಯನ್ನು ತೆರೆದ. ಹೆಂಡತಿಯ ಬಳೆ, ಸರ, ಡಾಬು, ಓಲೆ, ಎಲ್ಲವೂ ಅವಳು ಇಟ್ಟ ಹಾಗೇ ಇದ್ದವು. ಅವಳು ಹೊದಿಸಿದ್ದ ಕೆಂಪು ವಸ್ತ್ರದ ಮಡಿಕೆ ಕೂಡ ಮುರಿದಿರಲಿಲ್ಲ. ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೀಗ ಕಾಯಲಿಲ್ಲ. ಹಾಗಾದರೆ ಕಾದದ್ದು ಏನು?

ಹೊರಗೆ ಬಂದಾಗ ಕಮ್ಮಾರ ಬಾಗಿಲ ಬಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಇದು ವಿಚಿತ್ರ," ಎಂದ. "ಕೈ ತಾಗಿ ಸವೆದದ್ದಲ್ಲ ಇದು. ಬಳೆಯ ಒಳಮೈಯಲ್ಲಿ ಹಗ್ಗ ಕೂರುವಷ್ಟು ಗೀರು ಬಿದ್ದಿದೆ. ಯಾರೋ ಈ ಬಾಗಿಲನ್ನು ಹೊರಗಿನಿಂದ ಎಳೆದು ಹಿಡಿದಿದ್ದಾರೆ. ಒಂದು ದಿನ ಎರಡು ದಿನವಲ್ಲ, ವರ್ಷಗಟ್ಟಲೆ."

ಕೊಟ್ರಯ್ಯ, ಹಗ್ಗ ಹೊಸೆಯುವವನನ್ನು ನೀನು ನೋಡಿದ್ದೀಯಲ್ಲ? ಒಂದು ತುದಿಯನ್ನು ಎಲ್ಲಿಗಾದರೂ ಕಟ್ಟಿ, ನಾರನ್ನು ತನ್ನ ಕಡೆಗೆ ಬಿಗಿಯಾಗಿ ಎಳೆದೇ ಹೊಸೆಯಬೇಕು. ಸಡಿಲ ಬಿಟ್ಟರೆ ಹುರಿ ಬೀಳುವುದಿಲ್ಲ.

ವರ್ತಕ ಐದು ವರ್ಷದ ಮೇಲೆ ಮೊದಲ ಸಲ ಮುಖ ಎತ್ತಿ ಎದುರು ಮನೆಯ ಕಡೆ ನೋಡಿದ. ಹಗ್ಗದವನು ತನ್ನ ಜಗಲಿಯಲ್ಲಿ ಕೂತು ಕತ್ತಾಳೆಯ ನಾರು ಬಿಡಿಸುತ್ತಿದ್ದ. ವರ್ತಕ ಓಣಿ ದಾಟಿದ. ಚಪ್ಪಲಿಯನ್ನು ತನ್ನ ಬಾಗಿಲಲ್ಲೇ ಬಿಟ್ಟು ಬಂದದ್ದು ಅವನಿಗೆ ಅಲ್ಲಿ ಹೋಗಿ ನಿಂತ ಮೇಲೆ ತಿಳಿಯಿತು.

"ನಿನಗೆ ಗೊತ್ತಿತ್ತೇ?" ಎಂದ.

ಹಗ್ಗದವನು ನಾರನ್ನು ಕೆಳಗಿಟ್ಟು ಎದ್ದು ನಿಂತ. "ಗೊತ್ತಿತ್ತು, ಶೆಟ್ಟರೇ. ಆ ದಿನ ನೀವು ಹೋದ ಅರೆಗಳಿಗೆಗೆ ಗಾಳಿಗೆ ಬಾಗಿಲು ತೆರೆಯಿತು. ಎಳೆದು ಹಾಕಲು ಬಂದಿದ್ದೆ. ಅಷ್ಟರಲ್ಲಿ ನೀವು ಬಂದಿರಿ."

"ಅಯ್ಯೋ ಪುಣ್ಯಾತ್ಮ! ಪಂಚರ ಮುಂದೆ ಇದನ್ನು ಯಾಕೆ ಹೇಳಲಿಲ್ಲ?"

"ಪಂಚರ ಮುಂದೆ ಊರೆಲ್ಲ ಕೂತಿತ್ತು. ನಿಮ್ಮ ಬೀಗ ಬೀಳುವುದಿಲ್ಲ ಎಂದು ಊರೆಲ್ಲ ಕೇಳುವ ಹಾಗೆ ಹೇಳಲೇ? ನಿಮ್ಮೊಬ್ಬರಿಗೆ ಹೇಳೋಣವೆಂದರೆ ನೀವು ಹತ್ತಿರ ಸೇರಿಸಲಿಲ್ಲ. ಇನ್ನೊಬ್ಬರ ಬಾಯಲ್ಲಿ ಹೇಳಿಕಳಿಸಿದ್ದರೆ, ಗೊತ್ತಿರುವವರು ಇಬ್ಬರಾಗುತ್ತಿದ್ದರು."

"ಕಳ್ಳನೆನಿಸಿಕೊಂಡೆಯಲ್ಲೋ! ನಾನು ನಿನಗೆ ಏನಾಗಬೇಕೆಂದು ಇಷ್ಟು ಮಾಡಿದೆ?"

ಹಗ್ಗದವನಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. "ತೆರೆದ ಬಾಗಿಲು ಕಣ್ಣಿಗೆ ಬಿದ್ದಿತು," ಎಂದ. "ಬಿದ್ದ ಮೇಲೆ ಬಿದ್ದಿಲ್ಲ ಎನ್ನಲಾಗುತ್ತದೆಯೇ, ಶೆಟ್ಟರೇ? ಹಗ್ಗವನ್ನಂತೂ ಹೊಸೆಯಲೇಬೇಕು. ತುದಿ ಎಲ್ಲಿ ಕಟ್ಟಿದರೇನು?"

ವರ್ತಕ ಆ ಜಗಲಿಯ ಮೇಲೆಯೇ ಕುಸಿದು ಕೂತ. ಅವನಿಗೆ ಅಳು ಬಂತು. ನಾಚಿಕೆಗಲ್ಲ, ನಾಚಿಕೆ ಆಮೇಲೆ ಬಂತು. ತಾನು ಪರವೂರಿನ ಛತ್ರಗಳಲ್ಲಿ ಬೀಗವನ್ನು ನೆನೆದು ನಿದ್ದೆಹೋದಾಗೆಲ್ಲ, ಇಲ್ಲೊಬ್ಬ ಹಗ್ಗದ ತುದಿಯನ್ನು ಬಿಗಿದು ಹಿಡಿದು ಕೂತಿದ್ದನಲ್ಲ, ಅದನ್ನು ನೆನೆದು. ಬಳೆಗೆ ಅಂಟಿದ ನಾರನ್ನು ಕಂಡಾಗೆಲ್ಲ ಕಿತ್ತು, ಶಪಿಸಿ ಬಿಸಾಡಿದ್ದ. ದೇವರೇ ಬಂದು ಬಾಗಿಲು ಕಾದು ಬಿಟ್ಟುಹೋದ ಗುರುತು ಅದೆಂದು ಅವನಿಗೆ ತಿಳಿದಿರಲಿಲ್ಲ.

ಮರುದಿನ ಅವನು ಪ್ರಯಾಣ ಹೊರಡಲಿಲ್ಲ. ಕಮ್ಮಾರ ತಿರುಗುಣಿ ಎತ್ತಿ ಬಾಗಿಲನ್ನು ಸಮ ಮಾಡಿ ಹೊಸ ಬೀಗ ಕೂರಿಸಿದ ಮೇಲೆ, ವರ್ತಕ ಅದೇ ಪಂಚರನ್ನು ಅದೇ ಕಟ್ಟೆಗೆ ಕರೆಸಿದ. ಊರೆಲ್ಲ ಕೇಳುವ ಹಾಗೆ, ತನ್ನ ಮನೆ ಐದು ವರ್ಷ ತೆರೆದಿತ್ತೆಂದೂ, ಅದನ್ನು ಮುಚ್ಚಿ ಹಿಡಿದವನು ಯಾರೆಂದೂ ತಾನೇ ನಿಂತು ಹೇಳಿದ. ಬಗ್ಗಿ ಓಡಾಡಿ ಬೈದಿದ್ದವರೆಲ್ಲ ತಲೆ ತಗ್ಗಿಸಿದರು.

ಮಗಳ ಮದುವೆಯ ಚಪ್ಪರಕ್ಕೆ ಎಲ್ಲ ಹಗ್ಗವೂ ಎದುರು ಮನೆಯದೇ. ಒಡವೆ ಹಾಕಿಕೊಂಡು ಮಗಳು ಮೊದಲು ತಂದೆಯ ಕಾಲಿಗೆ ಬೀಳಲು ಬಂದಳು. ವರ್ತಕ ಅವಳ ಭುಜ ಹಿಡಿದು ಪಕ್ಕಕ್ಕೆ ತಿರುಗಿಸಿದ. ಅಲ್ಲಿ ಹಗ್ಗದವನು ಚಪ್ಪರದ ಗಂಟು ಬಿಗಿಯುತ್ತ ನಿಂತಿದ್ದ. ಅವನು ಗಾಬರಿಯಾಗಿ ಹಿಂದೆ ಸರಿದ, ಆದರೆ ಹುಡುಗಿ ಆಗಲೇ ಬಗ್ಗಿಯಾಗಿತ್ತು.

ಆ ಮೇಲೂ ವರ್ತಕ ಪರವೂರಿಗೆ ಹೊರಡುವಾಗ ಐದು ನಾಲಿಗೆಯ ಬೀಗ ಹಾಕುತ್ತಿದ್ದ. ಆದರೆ ಜಗ್ಗುತ್ತಿರಲಿಲ್ಲ. ಒಮ್ಮೆ ಒಳಕ್ಕೆ ದೂಡಿ ನೋಡಿ, ಎದುರು ಜಗಲಿಗೆ ಕೈಮುಗಿದು ಬಂಡಿ ಹತ್ತುತ್ತಿದ್ದ.

ಅಜ್ಜಯ್ಯ ಕತೆ ಮುಗಿಸಿದರು.

ಕೊಟ್ರಯ್ಯ ಮನಸ್ಸಿನಲ್ಲೇ ತನ್ನ ಐದು ನೇಮಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲವೂ ಗಟ್ಟಿಯಾಗಿದ್ದವು. "ಕತೆ ಕೇಳಿ ಮೈ ನವಿರೆದ್ದಿತು, ಅಜ್ಜಯ್ಯ," ಎಂದ. "ಆದರೆ ಆ ವರ್ತಕನ ಬೀಗ ಸವೆದಿತ್ತು. ನನ್ನ ನೇಮ ಸವೆದಿಲ್ಲ. ನನ್ನ ಬಾಗಿಲಿಗೆ ಯಾರೂ ಹಗ್ಗ ಕಟ್ಟಿ ಕೂತಿಲ್ಲ. ನಾಡಿದ್ದು ಗವಿಗೆ ಹೊರಡಲು ಅಪ್ಪಣೆ ಕೊಡಿ."

ಅಜ್ಜಯ್ಯ ಎದ್ದು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡರು.

"ಆಗಲಿ ಮಗನೇ, ಹೊರಡುವೆಯಂತೆ. ನಾಳೆ ಒಂದು ದಿನ ನಸುಕಿಗೆ ಪಾತ್ರೆ ಬಡಿಯಬೇಡವೆಂದು ಹಂಪವ್ವನಿಗೆ ಹೇಳಿರುತ್ತೇನೆ."