ಸಮಜೋಡಿ

"ಬುದ್ಧಿ, ಗದೆ ಅದೇ ಇದೆ. ಗರಡಿಯ ಮಣ್ಣೂ ಅದೇ ಇದೆ. ಎದುರಿಗೆ ನಿಲ್ಲುವವರು ಮಾತ್ರ ಯಾಕೆ ಇಷ್ಟು ಹಗುರವಾಗಿಬಿಟ್ಟರು?"

ಗುರುಸಿದ್ಧ ಹೀಗೆ ಕೇಳಿದಾಗ ಬೆಳಗಿನ ಪೂಜೆ ಮುಗಿದಿತ್ತು. ನಾವೆಲ್ಲ ಮಠದ ಪಡಸಾಲೆಯಲ್ಲಿ ನಮ್ಮ ಗುರುಗಳಾದ ಬುದ್ಧಿಯವರ ಸುತ್ತ ಕೂತಿದ್ದೆವು. ಹಿಂದಿನ ದಿನ ಅವನು ಪಟ್ಟಣಕ್ಕೆ ಹೋಗಿ ಬೆಳ್ಳಿ ಗದೆಯ ಕುಸ್ತಿ ನೋಡಿ ಬಂದಿದ್ದ. ಗದೆ ಹಿಡಿದವನ ಮೇಲೆ ಬಂದವನು ಎರಡು ಸುತ್ತು ತಿರುಗಿ ಅಂಗಾತ ಬಿದ್ದನಂತೆ. ಜನ ಮಡಿಲಲ್ಲಿದ್ದ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದುಹೋದರಂತೆ. ತನ್ನ ತಾತ ಹೇಳುತ್ತಿದ್ದ ಪೈಲ್ವಾನರು ಎಲ್ಲಿ, ಇವರು ಎಲ್ಲಿ ಎಂದು ಅವನಿಗೆ ಬೇಸರ.

ಗುರುಸಿದ್ಧ ನಮ್ಮ ಮಠದ ಜಾಣ ಶಿಷ್ಯ. ಆ ಕಾಲದಲ್ಲಿ ವರ್ಷಕ್ಕೊಮ್ಮೆ ಮಠದಲ್ಲಿ ಒಂದು ಗೋಷ್ಠಿ ನಡೆಯುತ್ತಿತ್ತು. ಇಬ್ಬರು ಎದುರುಬದುರು ಕೂತು ಶರಣರ ಮಾತಿನ ಅರ್ಥವನ್ನು ಒಬ್ಬರನ್ನೊಬ್ಬರು ಕೇಳಬೇಕು. ಉತ್ತರ ತೋಚದವನು ಏಳಬೇಕು. ಗೆದ್ದವನಿಗೆ ಒಂದು ವರ್ಷ ಬುದ್ಧಿಯವರ ಬಲಗಡೆಯ ಮಣೆ. ಮೂರು ವರ್ಷದಿಂದ ಆ ಮಣೆ ಗುರುಸಿದ್ಧನದೇ. ಅವನ ಎದುರು ಯಾರು ಕೂರಬೇಕೆಂದು ಬುದ್ಧಿಯವರೇ ಹೇಳುತ್ತಿದ್ದರು. ದಾಸೋಹದ ಅಡುಗೆ ಮಾಡುವ ಮಹಲಿಂಗಯ್ಯ ಪ್ರತಿ ವರ್ಷ ಬಂದು, ಕೈಮುಗಿದು, ತಾನೂ ಒಮ್ಮೆ ಕೂರಲೇ ಎಂದು ಕೇಳುವನು. ನೀನು ಇಲ್ಲಿ ಕೂತರೆ ಒಲೆಯ ಮುಂದೆ ಯಾರಪ್ಪ ನಿಲ್ಲುವುದು ಎಂದು ಬುದ್ಧಿಯವರು ನಗುವರು. ಅವನೂ ನಕ್ಕು ಒಳಗೆ ಹೋಗುವನು.

ಆ ವರ್ಷದ ಗೋಷ್ಠಿ ಮರುದಿನವೇ ಇತ್ತು.

ಗುರುಸಿದ್ಧನ ಪ್ರಶ್ನೆ ಕೇಳಿ ಬುದ್ಧಿಯವರು ಒಳಗಡೆಗೆ ಕಿವಿಗೊಟ್ಟರು. ಅಡುಗೆ ಮನೆಯಲ್ಲಿ ಮಹಲಿಂಗಯ್ಯ ಸೌದೆ ಸೀಳುವ ಸದ್ದು ಕೇಳಿಸುತ್ತಿತ್ತು. ಅದು ನಿಲ್ಲುವವರೆಗೆ ಕಾದು, ಒಂದು ಕತೆ ಹೇಳುತ್ತೇನೆ ಕೇಳು ಮರಿ ಎಂದರು. ಇಂದು ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷವಾದರೂ ಆ ದನಿ ನನ್ನ ಕಿವಿಯಲ್ಲಿ ಹಾಗೇ ಇದೆ. ಶಿವನ ದಯೆ, ನಾನು ಅಂದು ಅಲ್ಲಿದ್ದೆ.

ಒಂದು ಊರಿನಲ್ಲಿ ಒಂದು ಗರಡಿ ಇತ್ತು. ಅಲ್ಲೊಬ್ಬ ಹಿರಿಯನಿದ್ದ. ಅವನ ಕೆಲಸ ಜೋಡಿ ಕಟ್ಟುವುದು. ಯಾರ ಮೇಲೆ ಯಾರು ಕುಸ್ತಿ ಆಡಬೇಕೆಂದು ಗೊತ್ತುಮಾಡುವುದಕ್ಕೆ ಗರಡಿಯವರು ಹಾಗೆನ್ನುತ್ತಾರೆ. ಕುಸ್ತಿಗೆ ಎಂಟು ದಿನ ಮುಂಚೆ ಸುತ್ತಲಿನ ಪೈಲ್ವಾನರೆಲ್ಲ ಬಂದು ಸೇರುವರು. ಹಿರಿಯ ಇಬ್ಬರನ್ನು ಕರೆದು ಅಂಗೈಗೆ ಅಂಗೈ ಕೂಡಿಸಿ ನಿಲ್ಲಿಸುವನು. ತೋಳು ಒತ್ತಿ ನೋಡುವನು. ಬೆನ್ನಿನ ಮೇಲೆ ಕೈಯಿಟ್ಟು ಉಸಿರು ನೋಡುವನು. ಆಮೇಲೆ ಗರಡಿಯ ಮಣ್ಣು ಒಂದು ಹಿಡಿ ತೆಗೆದುಕೊಂಡು, ಆಂಜನೇಯನ ಮುಂದೆ, 'ಸಮಜೋಡಿ' ಎನ್ನುವನು. ಮಣ್ಣು ಹಿಡಿದು ಆಡಿದ ಮಾತಿಗೆ ಎದುರು ಮಾತಿಲ್ಲ. ಸಮಜೋಡಿ ಅಲ್ಲದವರು ಆ ಮಣ್ಣಿಗೆ ಇಳಿಯಕೂಡದು.

ಆಗ ಜೋಡಿ ಕಟ್ಟುವುದನ್ನು ನೋಡಲೆಂದೇ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು, ಮರಿ. ಅರ್ಧ ಕುಸ್ತಿ ಅಲ್ಲೇ ಆಯಿತು ಎನ್ನುತ್ತಿದ್ದರು.

ಇಷ್ಟು ಹೇಳುವಾಗ ಬುದ್ಧಿಯವರ ಮುಖ ಅರಳಿತ್ತು. ತಾವೂ ಆ ಜನರ ನಡುವೆ ಬುತ್ತಿ ಬಿಚ್ಚಿ ಕೂತಿದ್ದವರಂತೆ ಕಂಡರು. ಮತ್ತೆ ಮುಂದುವರಿಸಿದರು.

ಆ ಹಿರಿಯನಿಗೆ ಒಬ್ಬ ಗೆಳೆಯನಿದ್ದ. ಅವನೂ ಪೈಲ್ವಾನ. ಸಾಯುವಾಗ ತನ್ನ ಮಗನನ್ನು ಹಿರಿಯನ ಕೈಗೊಪ್ಪಿಸಿ, ಇವನ ಬೆನ್ನಿಗೆ ಮಣ್ಣು ಹತ್ತದಂತೆ ನೋಡಿಕೋ ಎಂದ. ಹಿರಿಯ ಮಾತು ಕೊಟ್ಟ. ಹುಡುಗನಿಗೆ ತಾನೇ ಸಾಮು ಕಲಿಸಿದ, ಪಟ್ಟು ಕಲಿಸಿದ. ಹುಡುಗ ಬೆಳೆದು, ಒಂದು ವರ್ಷ ಊರಿನ ಬೆಳ್ಳಿ ಗದೆಗೆ ಆಡಿ ಗೆದ್ದ. ಅದು ಕುಸ್ತಿ. ಹೊತ್ತು ನೆತ್ತಿಯ ಮೇಲಿದ್ದಾಗ ಹಿಡಿದ ಕೈ, ನೆರಳು ಉದ್ದವಾದ ಮೇಲೆ ಬಿಟ್ಟಿತು. ಗೆದ್ದವನೂ ಸೋತವನೂ ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿ ಅತ್ತರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕುಸ್ತಿ ಆಡಿ ಬಂದವನಿಗೆ ತಾಯಿಯೇ ಹಿತ್ತಿಲಿನ ಕಲ್ಲಿನ ಮೇಲೆ ನೀರು ಹಾಕಬೇಕು. ಆ ನೀರು ಬೇವಿನ ಮರದ ಬುಡಕ್ಕೆ ಹರಿಯಬೇಕು. ಆ ವರ್ಷ ಮೈಯ ಮಣ್ಣು ಕರಗಿ ನೀರು ಕುಂಕುಮದಷ್ಟು ಕೆಂಪಾಗಿ ಹರಿಯಿತು. ತಾಯಿ ಮಗನ ತಲೆ ಒರೆಸಿದಳು.

ಮರುವರ್ಷ ಜೋಡಿ ಕಟ್ಟುವ ಹೊತ್ತಿಗೆ ಪೈಲ್ವಾನನಿಗೆ ಜ್ವರ ಬಂದು ಬಿಟ್ಟಿತ್ತು. ಮೈ ಇಳಿದಿತ್ತು. ಅವನ ಮೇಲೆ ಆಡಲು ಹೊಳೆಯ ಆಚೆ ದಡದಿಂದ ಒಬ್ಬ ಬಂದಿದ್ದ. ಸುಣ್ಣ ಸುಡುವವನು. ಹಿರಿಯ ಅವನ ತೋಳು ಒತ್ತಿದ. ಒತ್ತಿದ ಕೈಗೆ ಇವನೇ ಸರಿಯಾದ ಜೋಡಿ, ಆದರೆ ಜ್ವರದ ಮೈ ಇವನ ಮುಂದೆ ನಿಲ್ಲದು ಎಂದು ತಿಳಿಯಿತು. ಇದೊಂದು ವರ್ಷ ಎಂದು ಮನಸ್ಸಿನಲ್ಲೇ ಆಂಜನೇಯನಿಗೆ ತಪ್ಪೊಪ್ಪಿಕೊಂಡು, ಸುಣ್ಣ ಸುಡುವವನ ತೂಕ ಸಾಲದು ಎಂದುಬಿಟ್ಟ. ಬೇರೆ ಒಬ್ಬ ಹಗುರ ಆಳನ್ನು ಕರೆದು, ಮಣ್ಣು ಹಿಡಿದು, 'ಸಮಜೋಡಿ' ಎಂದ. ಪೈಲ್ವಾನ ಗೆದ್ದ.

ಅದರ ಮರುವರ್ಷ ಜ್ವರ ಇರಲಿಲ್ಲ. ಆದರೂ ಹಿರಿಯನಿಗೆ ಸುಣ್ಣ ಸುಡುವವನ ಉಸಿರು ಸರಿಯಿಲ್ಲ ಎನಿಸಿತು. ಅದರ ಮರುವರ್ಷ ಕಾಲು ಸರಿಯಿಲ್ಲ ಎನಿಸಿತು. ಹೀಗೆ ಐದು ವರ್ಷ. ಸುಣ್ಣ ಸುಡುವವನು ತನಗೆ ಕಟ್ಟಿದ ಸಣ್ಣ ಜೋಡಿಗಳ ಮೇಲೆ ಆಡಿ, ಗೆದ್ದು, ಗರಡಿಯ ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಹರಿಗೋಲು ಹತ್ತಿ ಹೋಗುತ್ತಿದ್ದ. ಒಮ್ಮೆಯೂ ಕೆಟ್ಟ ಮಾತಾಡಲಿಲ್ಲ. ಕುಸ್ತಿಗೆ ಬರುವ ಜನ ಕಡಿಮೆಯಾದರು. ಮುಂದಿನ ಸಾಲಿನ ಒಬ್ಬ ಮುದುಕ, ಪೈಲ್ವಾನನಿಗಿಂತ ಗದೆಗೇ ಸುಸ್ತು ಜಾಸ್ತಿ ಕಣ್ರಪ್ಪ, ಕುಸ್ತಿಗಿಂತ ಅದರ ಮೆರವಣಿಗೆಯೇ ಉದ್ದ ಎಂದ. ಸುತ್ತಲಿದ್ದವರು ನಕ್ಕರು. ಪೈಲ್ವಾನನ ಕಿವಿಗೂ ಅದು ಬಿತ್ತು. ಹೊಟ್ಟೆಕಿಚ್ಚು ಎಂದುಕೊಂಡ.

ಐದನೆಯ ವರ್ಷ ಗೆದ್ದು ಬಂದು ಹಿತ್ತಿಲಿನ ಕಲ್ಲಿನ ಮೇಲೆ ಕೂತ. ತಾಯಿ ನೀರು ಹಾಕಿದಳು. ಎರಡು ಚೆಂಬು ಹಾಕಿ ನಿಲ್ಲಿಸಿದಳು. ಬೇವಿನ ಬುಡದ ಕಡೆ ನೋಡುತ್ತ ಹೇಳಿದಳು.

"ಈ ವರ್ಷವೂ ನೀರು ತಿಳಿಯಾಗೇ ಹೋಯಿತಲ್ಲೋ ಮಗನೇ. ಮಣ್ಣು ಬೆವರಿದ ಮೈಗೆ ಮಾತ್ರ ಹತ್ತುತ್ತದೆ. ನಿಮ್ಮಪ್ಪ ಸೋತು ಬಂದ ದಿನವೂ ಈ ಮರ ಹೀಗೆ ಬಾಯಾರಿ ನಿಂತಿರಲಿಲ್ಲ."

ಅವನು ತನ್ನ ತೋಳು ನೋಡಿಕೊಂಡ. ಆ ವರ್ಷವೆಲ್ಲ ಅವನಿಗೆ ಊಟ ರುಚಿಸಲಿಲ್ಲ. ತಾನು ಪೈಲ್ವಾನನೋ ಅಲ್ಲವೋ ಎನ್ನುವುದೇ ಅವನಿಗೆ ತಿಳಿಯದೆ ಹೋಯಿತು. ಗದೆ ಮನೆಯ ಮೂಲೆಯಲ್ಲಿತ್ತು. ಅದರ ಕಡೆ ಬೆನ್ನು ಹಾಕಿ ಮಲಗುತ್ತಿದ್ದ.

ಮತ್ತೆ ಜೋಡಿ ಕಟ್ಟುವ ದಿನ ಬಂತು. ಹಿರಿಯ ಬಾಯಿ ತೆರೆಯುವ ಮೊದಲೇ ಪೈಲ್ವಾನ ಎದ್ದು, ನೇರ ಹೋಗಿ, ಸುಣ್ಣ ಸುಡುವವನ ಅಂಗೈಗೆ ತನ್ನ ಅಂಗೈ ಕೂಡಿಸಿ ನಿಂತ.

"ದೊಡ್ಡಪ್ಪ, ಕಣ್ಣು ಮುಚ್ಚಿಕೊಂಡು ನೋಡಿ ಹೇಳಿ" ಎಂದ.

ಹಿರಿಯ ಆಂಜನೇಯನ ಕಡೆ ನೋಡಿದ. ಕಣ್ಣು ಮುಚ್ಚಿಕೊಂಡ. ಒಂದು ತೋಳು ಒತ್ತಿದ. ಅದು ಹುಣಸೆಯ ಕೊರಡು. ಇನ್ನೊಂದು ತೋಳು ಒತ್ತಿದ. ಮಾಂಸವಿತ್ತು, ಒತ್ತಿದ ಬೆರಳಿಗೆ ಒಳಗಿನಿಂದ ಯಾರೂ ಓಗೊಡಲಿಲ್ಲ. ಹಿರಿಯ ಬಗ್ಗಿ ಮಣ್ಣು ತೆಗೆದುಕೊಂಡ.

"ಸಮಜೋಡಿಯಲ್ಲ" ಎಂದ.

ಜನ ಗೊಣಗಿದರು. ಸುಣ್ಣ ಸುಡುವವನು ಪ್ರತಿ ವರ್ಷದಂತೆ ಕೈ ಹಿಂದೆಗೆದುಕೊಂಡು ತನ್ನ ಗಂಟಿನ ಕಡೆ ತಿರುಗಿದ. ಹಿರಿಯ ಕಣ್ಣು ತೆರೆಯಲಿಲ್ಲ.

"ನಿಲ್ಲಪ್ಪ. ಐದು ವರ್ಷದ ಹಿಂದೆ ನೀವಿಬ್ಬರೂ ಸಮಜೋಡಿ. ಅಂದೇ ನನ್ನ ಕೈಗೆ ಗೊತ್ತಿತ್ತು. ಈಗ ನನ್ನ ಮಗ ನಿನಗೆ ಸಾಲುವುದಿಲ್ಲ."

ಹಿರಿಯ ಅಲ್ಲೇ ಕುಸಿದು ಕೂತು, ಹಿಡಿಯ ಮಣ್ಣನ್ನು ತನ್ನ ತಲೆಯ ಮೇಲೆ ಹಾಕಿಕೊಂಡ. ಗೆಳೆಯನಿಗೆ ಕೊಟ್ಟ ಮಾತು ಉಳಿಸಿದೆ, ಗೆಳೆಯನ ಮಗನನ್ನು ಉಳಿಸಲಿಲ್ಲ ಎಂದು ಅತ್ತನಂತೆ.

ನಿಯಮದಂತೆ, ಸಮಜೋಡಿ ಇಲ್ಲದಿದ್ದರೆ ಗದೆ ಹಿಡಿದವನಲ್ಲೇ ಉಳಿಯಬೇಕು. ಪೈಲ್ವಾನ ಅದನ್ನು ತಂದು ಆಂಜನೇಯನ ಪಾದದಲ್ಲಿ ಇಟ್ಟ. ಸುಣ್ಣ ಸುಡುವವನಿಗೆ ಕೈಮುಗಿದು, ಒಂದು ವರ್ಷ ಕೊಡಬೇಕು ಎಂದು ಕೇಳಿದ. ಐದು ವರ್ಷ ಕಾದವನಿಗೆ ಇನ್ನೊಂದು ವರ್ಷ ಹೆಚ್ಚೇನಪ್ಪ ಎಂದು ಅವನು ನಕ್ಕ. ಆದರೆ ನಿನ್ನನ್ನು ಒಬ್ಬನೇ ಬಿಟ್ಟರೆ ನೀನು ಮೇಲೇಳುವುದಿಲ್ಲ, ನಾನೇ ಬರುತ್ತೇನೆ ಎಂದ.

ಹೇಳಿದಂತೆ ಬಂದ. ವಾರಕ್ಕೆ ಮೂರು ದಿನ ಹೊಳೆ ದಾಟಿ ಬಂದು ಪೈಲ್ವಾನನನ್ನು ಕೆಡವಿದ. ಎಬ್ಬಿಸಿ ಮತ್ತೆ ಕೆಡವಿದ. ಮೊದಲ ತಿಂಗಳು ಪೈಲ್ವಾನನ ಬೆನ್ನಿನಲ್ಲಿ ಮಣ್ಣಿಲ್ಲದ ಜಾಗವಿರಲಿಲ್ಲ. ಸುಗ್ಗಿಯ ಹೊತ್ತಿಗೆ ಅವನನ್ನು ಕೆಡವಲು ಹೊತ್ತು ಹಿಡಿಯಿತು. ವರ್ಷ ತುಂಬಿದ ಮೇಲೆ ಹಿರಿಯ ಕಣ್ಣು ಮುಚ್ಚಿಕೊಂಡು ಇಬ್ಬರ ತೋಳನ್ನೂ ಒತ್ತಿದ. ಮಣ್ಣು ಹಿಡಿದು 'ಸಮಜೋಡಿ' ಎಂದ. ಆಗ ಹಳೆಯ ಜನರೆಲ್ಲ ಬುತ್ತಿ ಕಟ್ಟಿಕೊಂಡು ಬಂದರು. ಗದೆಗೆ ಸುಸ್ತು ಎಂದಿದ್ದ ಮುದುಕ ಅಂದು ಕೂತಲ್ಲಿಂದ ಏಳಲಿಲ್ಲ, ಎಲೆ ಅಡಿಕೆಯನ್ನೂ ಹಾಕಲಿಲ್ಲ.

ಪೈಲ್ವಾನ ಸೋತ. ದೀಪ ಹಚ್ಚುವ ಹೊತ್ತಿಗೆ ಸೋತ. ತಾನೇ ಗದೆ ಎತ್ತಿ ಗೆದ್ದವನ ಹೆಗಲ ಮೇಲಿಟ್ಟು, ಅವನನ್ನು ಕೈಹಿಡಿದು ಮನೆಗೆ ಕರೆತಂದ. ಸುಣ್ಣ ಸುಡುವವನಿಗೆ ತಾಯಿ ಇರಲಿಲ್ಲ. ಇವನ ತಾಯಿ ಇಬ್ಬರನ್ನೂ ಒಂದೇ ಕಲ್ಲಿನ ಮೇಲೆ ಕೂರಿಸಿ ನೀರು ಹಾಕಿದಳು. ಬೇವಿನ ಬುಡಕ್ಕೆ ಕೆಂಪು ನೀರು ಹರಿಯಿತು. ಯಾರು ಗೆದ್ದರೆಂದು ಅವಳು ಕೇಳಲೇ ಇಲ್ಲ. ಅಂದಿನಿಂದ ಆ ಹಿರಿಯ, ಬದುಕಿರುವಷ್ಟು ಕಾಲ, ಕಣ್ಣು ಮುಚ್ಚಿಕೊಂಡೇ ಜೋಡಿ ಕಟ್ಟಿದ.

ಬುದ್ಧಿಯವರು ಕತೆ ನಿಲ್ಲಿಸಿದರು. ಗುರುಸಿದ್ಧನ ಕಣ್ಣು ತೇವವಾಗಿತ್ತು.

"ಎದುರಾಳಿಗಳು ತಾವಾಗಿ ಹಗುರವಾದದ್ದಲ್ಲ ಹಾಗಾದರೆ. ಭಾರದವರನ್ನು ಹೊಸ್ತಿಲಲ್ಲೇ ತಡೆದಿದ್ದರು" ಎಂದ. "ಆದರೂ ಬುದ್ಧಿ, ಆ ಹಿರಿಯ ಮಾಡಿದ್ದು ಪ್ರೀತಿಯಿಂದಲೇ ಅಲ್ಲವೇ?" ಎಂದು ಕೇಳಿದ.

"ಪ್ರೀತಿಯಿಂದಲೇ" ಎಂದರು ಬುದ್ಧಿಯವರು.

ಅವರು ಬಲಗಡೆಯ ಮಣೆಯನ್ನು ನೋಡಿದರು. ಅದರ ಮೇಲೆ ಕೂತಿದ್ದ ಗುರುಸಿದ್ಧನನ್ನು ನೋಡಿದರು. ಒಳಗೆ ಮಹಲಿಂಗಯ್ಯ ಸೌದೆ ಸೀಳುವ ಸದ್ದು ಮತ್ತೆ ಶುರುವಾಗಿತ್ತು. ಬುದ್ಧಿಯವರು ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಕೇಳಿದರು. ಆಮೇಲೆ ಹೇಳಿದರು.

"ನಾಳೆ ಒಲೆಯ ಮುಂದೆ ನಾನು ನಿಲ್ಲುತ್ತೇನೆ, ಮರಿ."